ಇನ್ನೊಬ್ಬರು ಇಟ್ಟ ಹೆಸರು

ಪ್ರತಿ ವರ್ಷ ಚಳಿಗಾಲ ಕಾಲಿಡುವ ಮುನ್ನ, ಈ ಪರದೇಶದ ನಮ್ಮ ಮೆಡೋವೇಲ್ ಮನೆಯ ಗರಾಜಿನಲ್ಲಿ ಒಂದು ಪುಟ್ಟ ಸಮಾರಂಭ ನಡೆಯುತ್ತಿತ್ತು. ನ್ಯೂಮಾರ್ಕೆಟ್ಟಿನಿಂದ ಮಗ ನಿಖಿಲ್ ತನ್ನ ಕಾರನ್ನು ತಂದು ನಿಲ್ಲಿಸುವನು. ಬೇಸಿಗೆಯ ಚಕ್ರಗಳನ್ನು ಬಿಚ್ಚಿ ಹಿಮಗಾಲದ ಚಕ್ರಗಳನ್ನು ಇಬ್ಬರೂ ಸೇರಿ ಹಾಕುವೆವು. ಸೇರಿ ಎಂದೆನಾದರೂ ನಿಜವಾಗಿ ಬೆವರು ಸುರಿಸುವವನು ಅವನೇ. ನಾನು ಬಿಚ್ಚಿದ ನಟ್ಟುಗಳನ್ನು ಹಳೆಯ ಕಾಫಿಪುಡಿ ಡಬ್ಬಿಯೊಂದರಲ್ಲಿ ಹಿಡಿದುಕೊಂಡು, ಎದುರುಬದುರಾಗಿ ಬಿಗಿ ಮಾಡು, ಒಂದೇ ಸುತ್ತಿಗೆ ಹೋಗಬೇಡ ಎಂದು ಅವನಿಗೆ ಚೆನ್ನಾಗಿ ಗೊತ್ತಿದ್ದುದನ್ನೇ ಹೇಳುತ್ತ ನಿಲ್ಲುವವನು. ಅಪ್ಪ ಮಗನಿಗೆ ಮುಖ ನೋಡಿಕೊಂಡು ಮಾತಾಡುವುದು ಕಷ್ಟ. ನಡುವೆ ಒಂದು ಚಕ್ರವಿದ್ದರೆ ಮಾತು ಸಲೀಸಾಗಿ ಉರುಳುತ್ತದೆ. ವರ್ಷವಿಡೀ ಬಾಯಿಗೆ ಬಾರದ ಎಷ್ಟೋ ಸಂಗತಿಗಳನ್ನು, ಶಿರೀನ್ ಎಂಬ ಹುಡುಗಿಯ ವಿಷಯವನ್ನೂ, ಅವನು ನನಗೆ ಹೇಳಿದ್ದು ಆ ಗರಾಜಿನ ತಣ್ಣನೆಯ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಾಗಲೇ.

ಹೋದ ನವೆಂಬರಿನಲ್ಲಿ ಅವನು ಬರಲಿಲ್ಲ. ಕಾದು ಕಾದು ನಾನೇ ಫೋನ್ ಮಾಡಿದೆ.

"ಟೈರ್ ಹಾಕೋದ್ ಬೇಡ್ವೇನೋ? ಮುಂದಿನ್ವಾರ ಸ್ನೋ ಬೀಳತ್ತೆ ಅಂತಿದಾರೆ," ಎಂದೆ.

"ಓ, ಅದು ಡನ್ ಅಪ್ಪ. ಲಾಸ್ಟ್ ವೀಕೆಂಡೇ ಬಾಬಾ ಡ್ರೈವ್‌ವೇನಲ್ಲಿ ಮಾಡ್ಬಿಟ್ವಿ. ಹಿ ಹ್ಯಾಸ್ ಆಲ್ ದ ಟೂಲ್ಸ್," ಎಂದ.

ಸಲಕರಣೆಗಳು ನನ್ನ ಬಳಿಯೂ ಇದ್ದವು. ಆದರೆ ಹಾಗೆಂದು ಹೇಳಲು ಬರುತ್ತದೆಯೇ? ಒಳ್ಳೆಯದಾಯಿತು ಬಿಡು ಎಂದು ಫೋನ್ ಇಟ್ಟೆ. ನನ್ನ ಎದೆಯೊಳಗೆ ಅಂದು ಹೊತ್ತಿಕೊಂಡದ್ದು ಸಿಟ್ಟೂ ಅಲ್ಲ, ದುಃಖವೂ ಅಲ್ಲ. ಅದು ಅಪ್ಪಟ ಅಸೂಯೆ. ಶಾಲೆಯಲ್ಲಿ ನಮ್ಮ ಗೆಳೆಯ ಇನ್ನೊಬ್ಬನ ಹೆಗಲ ಮೇಲೆ ಕೈ ಹಾಕಿದಾಗ ಆಗುತ್ತದಲ್ಲ, ಅದೇ. ನಿವೃತ್ತನಾದ, ತಲೆ ನೆರೆತ ಇಂಜಿನಿಯರೊಬ್ಬನಿಗೆ ಅದು ಆಗಬಾರದೆಂದು ಯಾರೂ ಬರೆದಿಟ್ಟಿಲ್ಲ.

ಬಾಬಾ ಎಂದರೆ ಶಿರೀನಳ ತಂದೆ ಹಮೀದ್. ಇರಾನಿನ ತಬ್ರೀಜ್ ಊರಿನಲ್ಲಿ ಇತಿಹಾಸದ ಮೇಷ್ಟರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಹಿಂದೆ ಇಲ್ಲಿಗೆ ಬಂದು, ನ್ಯೂಮಾರ್ಕೆಟ್ಟಿನಲ್ಲಿ ಅವಳ ಮನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದ್ದಾರೆ. ನನಗಿಂತ ಎತ್ತರ, ನನಗಿಂತ ದಟ್ಟ ಕೂದಲು, ನಗುವಾಗ ಇಡೀ ಮೈ ಅಲುಗುವಂಥ ನಗು. ನನ್ನನ್ನು 'ಮೂರ್ತಿ ಜಾನ್' ಎಂದೇ ಕರೆಯುವುದು. ಆತ್ಮೀಯರ ಹೆಸರಿಗೆ 'ಜೀವ' ಎಂದು ಸೇರಿಸುವುದು ಅವರ ಕಡೆಯ ರೂಢಿಯಂತೆ. ನಾವು ಮಾತಾಡಿಕೊಳ್ಳುವುದು ಇಂಗ್ಲಿಷಿನಲ್ಲಿ. ಇಬ್ಬರಿಗೂ ಅದು ಎರವಲು ಭಾಷೆಯೇ, ಆದರೆ ಆ ಎರವಲನ್ನೂ ಅವರು ನನಗಿಂತ ಚಂದವಾಗಿ ಉಡುತ್ತಾರೆ. ಇಲ್ಲಿ ಅವರ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಮನೆಯ ಅಂಗಳದಲ್ಲಾದರೂ ನಾನು ಗೆಲ್ಲಬೇಕಲ್ಲ.

ನಿಖಿಲ್ ಮತ್ತು ಶಿರೀನ್ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಅವನು ಫಿಜಿಯೋಥೆರಪಿ, ಅವಳು ಔಷಧಾಲಯ. ಮದುವೆ ಆ ನವೆಂಬರಿಗೆ ಮುಂಚಿನ ಮೇ ತಿಂಗಳಲ್ಲಿ ಆಗಿತ್ತು. ಅವರ ಪದ್ಧತಿಯ ಮದುವೆಗೆ ವರನೂ ಮುಸಲ್ಮಾನನಾಗಬೇಕು. ಮಗ ಇದನ್ನು ನಮಗೆ ಹೇಳಿದಾಗ ಅವನ ದನಿಯಲ್ಲಿ ಬೇಡಿಕೆಯಿರಲಿಲ್ಲ, ನಿರ್ಧಾರವಿತ್ತು. ಹೆಂಡತಿ ಸುಧಾ, "ಸುಳ್ಳು ಸುಳ್ಳೇ ಆಗಬೇಡ ಕಣೋ. ಆಗೋದಾದ್ರೆ ಮನಸ್ಸಿಟ್ಟು ಆಗು," ಎಂದಳು. ನಾನು ಸಂಧ್ಯಾವಂದನೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಬಿಟ್ಟವನು ಹಿಡಿದವನಿಗೆ ಏನು ಹೇಳಲಾದೀತು?

ಮದುವೆಯ ದಿನವೇ, ಹಮೀದರ ಮನೆಯ ಹಜಾರದಲ್ಲೇ ಆ ಕಾರ್ಯ ನಡೆಯಿತು. ಗಡ್ಡ ಬಿಳುಪಾದ ಧರ್ಮಗುರುಗಳೊಬ್ಬರು ಹೇಳಿಕೊಟ್ಟ ಮಾತುಗಳನ್ನು ನನ್ನ ಮಗ ತಪ್ಪಿಲ್ಲದೆ ಹೇಳಿದ. ಅಷ್ಟೇ. ಬಿರುಗಾಳಿ ಬೀಸಲಿಲ್ಲ, ದೀಪ ಆರಲಿಲ್ಲ. ಅದಾದ ಮೇಲೆ ಹೊಸ ಹೆಸರೇನು ಎಂಬ ಮಾತು ಬಂತು. ಹೆಸರು ಬದಲಿಸಲೇಬೇಕೆಂದಿಲ್ಲ ಎಂದು ಗುರುಗಳು ಹೇಳುತ್ತಿದ್ದಂತೆಯೇ ಹಮೀದರು ಎದ್ದು ನಿಂತು, ಕಣ್ಣರಳಿಸಿ, "ಮಹಮೂದ್. ನಮ್ಮ ತಬ್ರೀಜಿನ ಗಜಾನ್ ತಾನು ಮುಸಲ್ಮಾನನಾದಾಗ ಇಟ್ಟುಕೊಂಡ ಹೆಸರು," ಎಂದರು. ನನ್ನ ಕಿವಿಗೆ ಅದು 'ಗಜಾನನ' ಎಂದೇ ಕೇಳಿಸಿ, ಇವರ ಊರಿಗೂ ನಮ್ಮ ಗಣಪತಿ ಹೋಗಿದ್ದನೇ ಎಂದು ಅರೆಗಳಿಗೆ ಬೆರಗಾದೆ. ನಿಖಿಲ್ ನನ್ನತ್ತ ನೋಡಿದ. ಸುಧಾ ಸೀರೆಯ ಸೆರಗಿನ ಮರೆಯಲ್ಲಿ ನನ್ನ ಮೊಣಕೈ ಹಿಂಡಿದಳು. ನಾನು ತಲೆಯಾಡಿಸಿದೆ. ಹಾಗೆ ನನ್ನ ಮಗ ಮಹಮೂದನಾದ.

ಗೆಳೆಯರೇ, ನೋವು ಎಲ್ಲಿ ಮುಟ್ಟಿತೆಂದು ಹೇಳಿಬಿಡುತ್ತೇನೆ. ದೇವರು ಬದಲಾದದ್ದಕ್ಕೆ ಅಲ್ಲ. ಇವನು ಹುಟ್ಟಿದಾಗ, ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ, ಸ್ಟೀಲ್ ತಟ್ಟೆಯ ಅಕ್ಕಿಯ ಮೇಲೆ ನನ್ನ ಉಂಗುರದಿಂದ 'ನಿಖಿಲ್' ಎಂದು ಬರೆದವನು ನಾನು. ಆ ಪುಟ್ಟ ಕಿವಿಯಲ್ಲಿ ಆ ಹೆಸರನ್ನು ಮೊದಲು ಉಸುರಿದವನೂ ನಾನೇ. ಬದುಕಿನಲ್ಲಿ ನಾನು ಯಾವುದಕ್ಕಾದರೂ ಹೆಸರಿಟ್ಟಿದ್ದರೆ ಅದು ಅದೊಂದಕ್ಕೇ. ಈಗ ಇನ್ನೊಬ್ಬ ಅಪ್ಪ ನನ್ನೆದುರೇ ನಿಂತು ಅದೇ ಹುಡುಗನಿಗೆ ಮತ್ತೊಂದು ಹೆಸರಿಟ್ಟ, ಅದೂ ನಗುನಗುತ್ತ.

"ಅದು ಪೇಪರಲ್ಲಿ ಅಷ್ಟೇ ಅಪ್ಪ, ನೀವು ನಿಖಿಲ್ ಅಂತಾನೇ ಕರೀರಿ," ಎಂದ ಮಗ, ಊಟದ ಸಾಲಿನಲ್ಲಿ ನನ್ನ ಪಕ್ಕ ನಿಂತು. ಅಷ್ಟರಲ್ಲಿ ಆಚೆಯಿಂದ "ಮಹಮೂದ್ ಜಾನ್" ಎಂದು ಹಮೀದರ ಕೂಗು ಬಂತು. ಅವನು ಹೋದ.

ಆ ಊಟದಲ್ಲೇ ನನಗೆ ಗಜಾನ್ ಎಂಬ ಆ ರಾಜನ ಪೂರ್ತಿ ಪರಿಚಯವಾದದ್ದು. ಮಂಗೋಲರ ವಂಶದವನು, ಏಳುನೂರು ವರ್ಷಗಳ ಹಿಂದೆ ಇರಾನನ್ನು ಆಳಿದವನು. ಪಟ್ಟಕ್ಕಾಗಿ ಹೋರಾಟ ನಡೆಯುತ್ತಿದ್ದಾಗ ಇಸ್ಲಾಮಿಗೆ ಸೇರಿ, ಗೆದ್ದು, ತಬ್ರೀಜನ್ನು ಶೃಂಗರಿಸಿದವನು. ಬಡಗಿ, ಕಮ್ಮಾರ, ಅಕ್ಕಸಾಲಿಗ ಎಲ್ಲರ ಕೆಲಸವೂ ಅವನ ಕೈಗೆ ಬರುತ್ತಿತ್ತಂತೆ, ಹಲವು ಭಾಷೆಗಳು ಗೊತ್ತಿದ್ದವಂತೆ. ಅವನು ಕಟ್ಟಿಸಿದ ಗೋರಿ ಉಳಿದಿಲ್ಲವಾದರೂ ಆ ಬಡಾವಣೆಗೆ ಇಂದಿಗೂ ಅವನದೇ ಹೆಸರು. ಹಮೀದರು ಆಡಿ ಬೆಳೆದದ್ದು ಅಲ್ಲೇ. ನಾನು ಸುಮ್ಮನಿರಲಾರದೆ, ಅದೇ ಕಾಲಕ್ಕೆ ನಮ್ಮ ಕಡೆ ಹೊಯ್ಸಳರ ಮೂರನೆಯ ವೀರಬಲ್ಲಾಳನಿದ್ದ ಎಂದೆ. "ಭಲೆ, ಅವನೇನು ಮಾಡಿದ?" ಎಂದರು ಹಮೀದರು, ನಿಜವಾದ ಕುತೂಹಲದಿಂದ. ಬಲ್ಲಾಳ ಏನು ಮಾಡಿದನೆಂದು ಆ ಗಳಿಗೆಯಲ್ಲಿ ನನಗೆ ಒಂದೂ ನೆನಪಾಗಲಿಲ್ಲ.

ಟೈರಿನ ಫೋನಿನ ಮರುದಿನವೇ ನಾನು ಗ್ರಂಥಾಲಯಕ್ಕೆ ಹೋಗಿ ಗಜಾನನ ಬಗ್ಗೆ ಸಿಕ್ಕಿದ್ದನ್ನೆಲ್ಲ ಹೊತ್ತು ತಂದೆ. ಮೆಚ್ಚಿ ಓದಲಿಕ್ಕಲ್ಲ, ಹುಳುಕು ಹುಡುಕಲಿಕ್ಕೆ. ಅಸೂಯೆಯಷ್ಟು ಶ್ರದ್ಧೆಯ ವಿದ್ಯಾರ್ಥಿ ಇನ್ನೊಬ್ಬನಿಲ್ಲ. ಆ ಚಳಿಗಾಲ ನಾನು ಕಾಲೇಜಿನಲ್ಲೂ ಓದದಷ್ಟು ಓದಿದೆ. ಹುಟ್ಟಿದಾಗ ಅವನಿಗೆ ಕ್ರೈಸ್ತ ದೀಕ್ಷೆಯಾಗಿತ್ತೆಂದು ಕೆಲವರು ಹೇಳುತ್ತಾರೆ. ತಾತನ ಮಡಿಲಲ್ಲಿ ಬೆಳೆದದ್ದು ಬೌದ್ಧನಾಗಿ. ಅವನ ಗುರುಗಳು ನಮ್ಮ ಬುದ್ಧನ ಭಿಕ್ಷುಗಳು. ಆಮೇಲೆ ನೌರೂಜ್ ಎಂಬ ಸರದಾರನ ಮಾತಿಗೆ ಒಪ್ಪಿ ಮುಸಲ್ಮಾನನಾದ. ಆ ನೌರೂಜನನ್ನು ಕೆಲವೇ ವರ್ಷಗಳಲ್ಲಿ ಗಜಾನನೇ ಕೊಲ್ಲಿಸಿದ.

ಇದನ್ನು ಓದಿದಾಗ ನನಗಾದ ಸಂತೋಷವನ್ನು ಏನೆಂದು ವರ್ಣಿಸಲಿ? ಅಡುಗೆಮನೆಗೆ ಹೋಗಿ, "ಕೇಳಿದ್ಯಾ ಸುಧಾ, ಅವನನ್ನ ಆ ಕಡೆಗೆ ಕರ್ಕೊಂಡ್ ಹೋದೋನ ತಲೆಯನ್ನೇ ತೆಗೆಸಿದನಂತೆ," ಎಂದೆ.

ಸುಧಾ ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು. "ಯಾರ ತಲೆ ಹೋಗ್ಲಿ ಅಂತ ಕಾಯ್ತಿದೀರ್ರೀ ನೀವು? ಆ ಮನುಷ್ಯ ಹೋದ್ವಾರ ನಂಗೆ ಕೇಸರಿ ಕಳಿಸಿದಾನೆ," ಎಂದಳು.

ಸುಧಾಳಿಗೆ ಈ ಕಾಯಿಲೆ ಇಲ್ಲ. ರಂಜಾನ್ ಬಂದಾಗ, ಏಕಾದಶಿಗೂ ಎಂದೂ ಹೊಟ್ಟೆ ಖಾಲಿ ಬಿಡದ ಮಗ ಉಪವಾಸ ಹಿಡಿದನೆಂದು ತಿಳಿದು, ಬೆಳಗಿನ ಜಾವದ ಊಟಕ್ಕೆ ಏನು ತಿಂದರೆ ಬಾಯಾರುವುದಿಲ್ಲ ಎಂದು ಶಿರೀನಳಿಗೆ ಫೋನ್ ಮಾಡಿ ಹೇಳಿದವಳು ಅವಳು. ಮೊಸರನ್ನ, ಉಪ್ಪು ಕಡಿಮೆ.

ರಾಜರ ಮತಾಂತರ ನಮಗೇನೂ ಹೊಸದಲ್ಲ. ಬೇಲೂರಿಗೆ ಹೋದವರೆಲ್ಲ ಕೇಳಿದ ಕಥೆಯೇ ಅದು: ಜೈನನಾಗಿದ್ದ ಬಿಟ್ಟಿದೇವ ವೈಷ್ಣವನಾದ, ವಿಷ್ಣುವರ್ಧನನೆಂದು ಹೆಸರು ಬದಲಿಸಿಕೊಂಡ. ಗೈಡು ಅದನ್ನು ಹೇಳುವಾಗ ನಾನು ಮದನಿಕೆಯರನ್ನು ನೋಡುತ್ತ ನಿಂತಿದ್ದೆ. ಬಿಟ್ಟಿದೇವ ಎಂದು ಕರೆದವರಿಗೆ ಆಗ ಏನನಿಸಿತ್ತೆಂದು ಯೋಚಿಸಿರಲಿಲ್ಲ. ಈಗ ಲೆಕ್ಕ ಹಾಕಿದರೆ ಅವನ ತಂದೆ ಆ ಹೊತ್ತಿಗೆ ಬದುಕಿರಲಿಲ್ಲ. ಗಜಾನನ ತಂದೆ ಅರ್ಘುನನೂ ಬದುಕಿರಲಿಲ್ಲ. ರಾಜರ ಅಪ್ಪಂದಿರು ಪುಣ್ಯವಂತರು, ಮಗ ಬದಲಾಗುವ ಹೊತ್ತಿಗೆ ಜಾಗ ಖಾಲಿ ಮಾಡಿರುತ್ತಾರೆ. ಬದುಕಿದ್ದು ನೋಡಬೇಕಾದವರು, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲಬೇಕಾದವರು ನನ್ನಂಥವರು.

ಹೀಗೆ ಓದುತ್ತಿರುವಾಗ ಒಂದು ಪ್ರಸಂಗ ಸಿಕ್ಕಿತು. ಅರ್ಘುನ್ ತಾನು ಬದುಕಿದ್ದಾಗ ಒಂದು ಬೌದ್ಧ ದೇವಾಲಯ ಕಟ್ಟಿಸಿದ್ದ, ಅದರ ಗೋಡೆಯ ಮೇಲೆ ಅವನದೇ ಚಿತ್ರವಿತ್ತು. ಮಗನ ಕಾಲದಲ್ಲಿ ದೇವಾಲಯಗಳನ್ನು ಕೆಡವಿದಾಗ ಅದೂ ಹೋಯಿತು. ಮುರಿದ ಗೋಡೆಯ ಮೇಲಿನ ಆ ಚಿತ್ರದ ಮೇಲೆ ಮಳೆ, ಹಿಮ ಬೀಳತೊಡಗಿತು. ಅಂತಃಪುರದ ಹೆಂಗಸರು ಬಂದು, ನಿಮ್ಮ ತಂದೆಯ ಮುಖ ಹಿಮದಲ್ಲಿ ನೆನೆಯುತ್ತಿದೆ, ನೆನಪಿಗಾಗಿಯಾದರೂ ಮೇಲೊಂದು ಸೂರು ಮಾಡಿಸಿ ಎಂದು ಕೇಳಿಕೊಂಡರಂತೆ. ಗಜಾನ್ ಒಪ್ಪಲಿಲ್ಲವಂತೆ.

ನಾನು ಪುಸ್ತಕ ಮುಚ್ಚಿದೆ. ಕಿಟಕಿಯಾಚೆ ನಮ್ಮ ಗರಾಜಿನ ಮುಂದೆ ಹಿಮ ಸುರಿಯುತ್ತಿತ್ತು. ನನ್ನ ಹೆಸರೇ ಮೂರ್ತಿ. ಹಿಮದಲ್ಲಿ ನಿಲ್ಲಿಸಿದರೆ ಕೇಳುವವರಾರು ಎಂದು ನನ್ನ ಮೇಲೆ ನನಗೇ ಕನಿಕರ ಉಕ್ಕಿಬಂತು. ಆಮೇಲೆ, ಈ ಬಾಣವನ್ನು ಎಲ್ಲಿ ಬಿಡಬೇಕೆಂದೂ ಹೊಳೆಯಿತು.

ಫೆಬ್ರವರಿಯ ಒಂದು ಭಾನುವಾರ ಹಮೀದರು ನಮ್ಮನ್ನು ಊಟಕ್ಕೆ ಕರೆದರು. ಒಣ ಜರದಾಳು ಹಣ್ಣು ಬೆರೆಸಿದ ಅನ್ನ, ಸುಧಾಳಿಗಾಗಿ ಮಾಂಸ ಸೋಕಿಸದ ಬೇರೆ ಪಾತ್ರೆ, ಎಲ್ಲವೂ ಅಚ್ಚುಕಟ್ಟು. ನಿಖಿಲ್ ಎದ್ದೆದ್ದು ಬಡಿಸುತ್ತಿದ್ದ. ನಮ್ಮ ಮನೆಯಲ್ಲಿ ಅವನು ತನ್ನ ತಟ್ಟೆಯನ್ನೂ ಎತ್ತಿದ್ದು ನನಗೆ ನೆನಪಿಲ್ಲ. "ಬಾಬಾ, ಯು ಸಿಟ್," ಎಂದು ಅವರ ಭುಜ ಹಿಡಿದು ಕೂರಿಸಿದ. ಆ ಕೈ ಅವರ ಭುಜದ ಮೇಲೆ ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚೇ ಇತ್ತು.

ನಾನು ಚಮಚ ಇಟ್ಟು, "ಹಮೀದ್, ಗಜಾನನ ತಂದೆಯ ಚಿತ್ರದ ಸಂಗತಿ ನೀವು ನಮಗೆ ಹೇಳಲೇ ಇಲ್ಲವಲ್ಲ," ಎಂದೆ.

"ಯಾವ ಪಿಕ್ಚರ್ ಅಪ್ಪ?" ಎಂದ ನಿಖಿಲ್.

ನಾನು ಹೇಳಿದೆ. ಗೋಡೆ, ಚಿತ್ರ, ಹಿಮ, ಹೆಂಗಸರ ಬೇಡಿಕೆ, ಮಗನ ನಿರಾಕರಣೆ, ಯಾವುದನ್ನೂ ಬಿಡಲಿಲ್ಲ. ಸುಧಾ ನನ್ನನ್ನು ನೋಡಿದ ರೀತಿಯಲ್ಲಿ, ಮನೆಗೆ ಹೋದ ಮೇಲೆ ಇದೆ ಎಂಬ ಸೂಚನೆಯಿತ್ತು. ಹಮೀದರ ಮುಖದಲ್ಲಿ ನಾನು ಬಯಸಿದ್ದ ಸೋಲು ಕಾಣಿಸಲಿಲ್ಲ. ಅಲ್ಲಿ ಇದ್ದದ್ದು ಬೇರೇನೋ, ನನಗೆ ಅರ್ಥವಾಗದ್ದು.

"ನಿಜ. ಅದು ಇತಿಹಾಸದಲ್ಲಿದೆ. ಪಾಠ ಮಾಡುವಾಗ ನಾನು ಅದನ್ನು ಹಾರಿಸಿಬಿಡುತ್ತಿದ್ದೆ," ಎಂದರು. ಶಿರೀನ್ ತಲೆ ತಗ್ಗಿಸಿದಳು. ಹಮೀದರು ಎದ್ದು, ಕೋಟು ಹಾಕಿಕೊಂಡು, ನಿಮ್ಮ ಕಾರಿನ ಮೇಲೆ ಹಿಮ ಕೂತಿದೆ ಎಂದು ಹೇಳಿ ಹೊರಗೆ ಹೋದರು.

ಕಾರು ನನ್ನದು, ನಾನೂ ಹಿಂದೆಯೇ ಹೋಗಬೇಕಾಯಿತು. ಅವರು ಬ್ರಷ್ಷಿನಿಂದ ಗಾಜನ್ನು ಒರೆಸುತ್ತಿದ್ದರು. ನನ್ನತ್ತ ತಿರುಗದೆಯೇ, "ನನಗೊಬ್ಬ ಮಗ ಇದ್ದಾನೆಂದು ಮಹಮೂದ್ ನಿಮಗೆ ಹೇಳಿದ್ದಾನೆಯೇ?" ಎಂದರು.

ಇಲ್ಲ ಎಂದೆ.

"ಹೇಳಬೇಡ ಎಂದಿದ್ದೆ. ಶಿರೀನಳ ಅಣ್ಣ, ಆರಶ್. ಓಕ್‌ವಿಲ್ಲಿನಲ್ಲಿದ್ದಾನೆ. ಇಲ್ಲಿಗೆ ಬಂದ ಮೇಲೆ ಕ್ರೈಸ್ತನಾದ. ಅವರ ಚರ್ಚಿನಲ್ಲಿ ದೀಕ್ಷೆ ಕೊಡುವ ದಿನ ಬಾ ಎಂದು ಕರೆದ. ನಾನು ಹೋಗಲಿಲ್ಲ. ಆಮೇಲೆ ಮಾತೂ ಆಡಲಿಲ್ಲ." ಬ್ರಷ್ಷು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಓಡುತ್ತಿತ್ತು. "ನಿಮ್ಮ ಗಜಾನನ ಕಥೆಯಲ್ಲಿ ಮಗ ಅಪ್ಪನ ಚಿತ್ರವನ್ನು ಹಿಮದಲ್ಲಿ ಬಿಟ್ಟ. ನಮ್ಮಲ್ಲಿ ತಿರುಗುಮುರುಗು."

ನಾನು ಕಾರನ್ನು ಬಳಸಿ ಅವರ ಪಕ್ಕಕ್ಕೆ ಹೋಗಿ ನಿಂತೆ.

"ಮದುವೆಯ ದಿನ ನಾನು ಹುಡುಗನನ್ನು ನೋಡಲೇ ಇಲ್ಲ, ಮೂರ್ತಿ ಜಾನ್. ನಿಮ್ಮನ್ನೇ ನೋಡುತ್ತಿದ್ದೆ. ನಿಮ್ಮ ಒಬ್ಬನೇ ಮಗ ಇನ್ನೊಂದು ದಾರಿ ಹಿಡಿಯುತ್ತಿದ್ದಾನೆ, ನೀವು ಅವನ ಪಕ್ಕದಲ್ಲೇ ಕೂತಿದ್ದೀರಿ. ಹೆಸರು ಹೇಳಿದಾಗ ತಲೆಯಾಡಿಸಿದಿರಿ. ಈ ಮನುಷ್ಯನ ಎದೆ ನನಗೆ ಯಾಕಿಲ್ಲ ಎಂದು ನನ್ನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಇವತ್ತಿಗೂ ಆರಿಲ್ಲ."

ನೀವೇ ಹೇಳಿ, ಆ ಹೊತ್ತಿನಲ್ಲಿ ನಾನೇನು ಮಾಡಬೇಕಿತ್ತು? ಅಲ್ಲಿ ಕೂತಿದ್ದು ನನ್ನ ಎದೆಯ ದೊಡ್ಡತನದಿಂದಲ್ಲ, ಎದ್ದು ಹೋಗುವ ಧೈರ್ಯ ಇಲ್ಲದ್ದರಿಂದ. ತಲೆಯಾಡಿಸಿದ್ದು ಸುಧಾ ಮೊಣಕೈ ಹಿಂಡಿದ್ದರಿಂದ. ಆದರೆ ಇಷ್ಟು ತಿಂಗಳು ನಾನು ಯಾರನ್ನು ಕಂಡು ಬೇಯುತ್ತಿದ್ದೆನೋ ಆತ ನನ್ನನ್ನು ಕಂಡು ಬೆಂದಿದ್ದಾನೆಂದು ತಿಳಿದಾಗ ಮೊದಲು ಆದದ್ದು, ನಾಚಿಕೆಗೂ ಮುನ್ನ, ಒಂದು ಚಿಕ್ಕ ಖುಷಿ. ಆಮೇಲೆ ನೋಡಿದರೆ ಅವರ ರೆಪ್ಪೆಯ ಮೇಲೆ ಹಿಮ ಕೂತು ಕರಗುತ್ತಿತ್ತು. ಒರೆಸಿಕೊಳ್ಳಲೂ ಅವರಿಗೆ ಗಮನವಿರಲಿಲ್ಲ. ನಾನು ಬ್ರಷ್ಷನ್ನು ಅವರ ಕೈಯಿಂದ ತೆಗೆದುಕೊಂಡು ಉಳಿದ ಗಾಜನ್ನು ಒರೆಸಿದೆ.

ಮನೆಗೆ ಬರುವಾಗ ಸುಧಾ ಬಯ್ಯಲಿಲ್ಲ. ಹೊರಗೆ ನಡೆದದ್ದನ್ನು ಹೇಳಿದೆ. ಹೆದ್ದಾರಿಯ ದೀಪಗಳನ್ನು ನೋಡುತ್ತಲೇ, "ಓಕ್‌ವಿಲ್ ನಮ್ಮನೆಗೆ ಹತ್ರ ಅಲ್ವಾ," ಎಂದಳು. ಅಷ್ಟೇ ಅಂದದ್ದು.

ಏಪ್ರಿಲಿನಲ್ಲಿ ಹಮೀದರೇ ಫೋನ್ ಮಾಡಿದರು. ಶಿರೀನ್ ಅಣ್ಣನೊಡನೆ ಮಾತಾಡಿದ್ದಾಳೆ, ಬಾಬಾ ಬರಲಿ ಎಂದು ಅವನು ಹೇಳಿದ್ದಾನೆ. ಆದರೆ ಮಗಳ ಜೊತೆ ಹೋಗಲು ಮನಸ್ಸಿಲ್ಲ. ಬಾಗಿಲಲ್ಲಿ ನಿಂತಾಗ ಏನಾಗುತ್ತದೋ, ಅವಳು ನೋಡುವುದು ಬೇಡ. "ನೀವು ಕರೆದುಕೊಂಡು ಹೋಗುತ್ತೀರಾ?" ಎಂದರು. ಆ ದೊಡ್ಡ ದನಿ ಚಿಕ್ಕದಾಗಿತ್ತು.

ನ್ಯೂಮಾರ್ಕೆಟ್ಟಿಗೆ ಹೋಗಿ ಅವರನ್ನು ಹತ್ತಿಸಿಕೊಂಡು ಓಕ್‌ವಿಲ್ ದಾರಿ ಹಿಡಿದೆ. ತೊಡೆಯ ಮೇಲೆ ಮಿಠಾಯಿಯ ಪೆಟ್ಟಿಗೆ, ಇಸ್ತ್ರಿ ಮಾಡಿದ ಕೋಟು. ದಾರಿಯುದ್ದಕ್ಕೂ ಗಜಾನನ ಸುದ್ದಿಯಿಲ್ಲ, ಯಾವ ರಾಜನ ಸುದ್ದಿಯೂ ಇಲ್ಲ. ಸರೋವರ ಕಾಣಿಸಿದಾಗ ಮಾತ್ರ, "ಆರಶ್ ಈಗ ತನ್ನನ್ನು ಪೀಟರ್ ಎಂದು ಕರೆದುಕೊಳ್ಳುತ್ತಾನೆ. ಆ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ," ಎಂದರು.

"ನನಗೂ ಬರುವುದಿಲ್ಲ," ಎಂದೆ. ಯಾವ ಹೆಸರೆಂದು ಅವರು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಮನೆಯ ಮುಂದೆ ನಿಲ್ಲಿಸಿದೆ. ನೀವು ಹೋಗಿ, ನಾನು ಇಲ್ಲೇ ಇರುತ್ತೇನೆ ಎಂದೆ. ಅವರು ಇಳಿದು, ಕೋಟು ಎಳೆದುಕೊಂಡು, ಹುಲ್ಲಿನ ನಡುವಿನ ಕಲ್ಲುಹಾದಿಯಲ್ಲಿ ನಡೆದರು. ಕರೆಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯಿತು. ಅಪ್ಪನಷ್ಟೇ ಎತ್ತರದ, ಮುಂದಲೆ ಬೋಳಾಗತೊಡಗಿದ ಒಬ್ಬ ಗಂಡಸು ಹೊಸ್ತಿಲಲ್ಲಿ ನಿಂತಿದ್ದ. ಕಾರಿನ ಕಿಟಕಿ ಇಳಿಸಿತ್ತು. ಹಮೀದರು ಗಂಟಲು ಸರಿಮಾಡಿಕೊಂಡದ್ದು ನನಗೆ ಕೇಳಿಸಿತು. ಆಮೇಲೆ, ತಡವರಿಸುತ್ತ, ಹೊಸ ಭಾಷೆಯ ಮೊದಲ ಶಬ್ದ ಕಲಿಯುವವರಂತೆ, "ಪೀಟರ್ ಜಾನ್," ಎಂದರು.

ಮಗ ಕುಸಿದು ಅವರ ಹೆಗಲ ಮೇಲೆ ಬಿದ್ದ. ಮಿಠಾಯಿಯ ಪೆಟ್ಟಿಗೆ ಇಬ್ಬರ ನಡುವೆ ಸಿಕ್ಕಿ ನಜ್ಜುಗುಜ್ಜಾಯಿತು.

ಆಗ ಕಾರಿನೊಳಗೆ ನನಗಾದ ಅಸೂಯೆ ಆ ಇಡೀ ಚಳಿಗಾಲದಲ್ಲಿ ಆಗಿರಲಿಲ್ಲ. ನನ್ನ ಮಗ ನನ್ನನ್ನು ಎಂದೂ ಬಿಟ್ಟು ಹೋಗಿರಲಿಲ್ಲ, ಆದ್ದರಿಂದ ಹೀಗೆ ಬಂದು ಬೀಳುವ ಅವಕಾಶವೂ ಅವನಿಗೆ ಸಿಕ್ಕಿರಲಿಲ್ಲ. ಬಂದಾಗಲೆಲ್ಲ ಒಂದು ಕೈಯಿಂದ ನನ್ನ ಬೆನ್ನು ತಟ್ಟಿ ಫ್ರಿಜ್ಜಿನ ಕಡೆ ಹೋಗುವವನು. ಆದರೆ ನನ್ನನ್ನು ಸುಟ್ಟದ್ದು ಆ ಅಪ್ಪುಗೆಯೂ ಅಲ್ಲ. ನನ್ನಂತೆಯೇ ಬಾಯಿ ಬಾರದೆ ಕೂತಿದ್ದ ಮನುಷ್ಯ ಕಾರಿನಿಂದ ಬಾಗಿಲಿನವರೆಗಿನ ಆ ಹಾದಿಯಲ್ಲಿ ನನ್ನನ್ನು ಹಿಂದೆ ಹಾಕಿ ಹೋಗಿಬಿಟ್ಟಿದ್ದ. ಅವರಿಗೆ ಸಿಕ್ಕಿದ್ದು ಕೈತಪ್ಪಲಿ ಎಂದು ಮಾತ್ರ ಈ ಸಲ ಅನಿಸಲಿಲ್ಲ. ನನಗೂ ಬೇಕು ಎನಿಸಿತು, ಅಷ್ಟೇ. ಅಸೂಯೆಯಲ್ಲಿ ಇಂಥದೊಂದು ಜಾತಿಯಿದೆ ಎಂದು ನನಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಪೀಟರ್ ಕಣ್ಣೊರೆಸಿಕೊಳ್ಳುತ್ತ ಕಾರಿನ ಬಳಿ ಬಂದ. "ಅಂಕಲ್, ಒಳಗೆ ಬನ್ನಿ. ನೀವು ಶಿರೀನಳ ಮಾವನವರೆಂದು ಬಾಬಾ ಹೇಳಿದರು," ಎಂದು ಇಂಗ್ಲಿಷಿನಲ್ಲಿ ಕರೆದ. ಬೇಡ ಎನ್ನಲಾಗಲಿಲ್ಲ. ಅವನ ಹಿಂದೆ ಆ ಕಲ್ಲುಹಾದಿಯಲ್ಲಿ ನಡೆದೆ. ಬಾಗಿಲಲ್ಲಿ ಬಗ್ಗಿ ಶೂ ಬಿಚ್ಚುವಾಗ, ಯಾರಿಗೂ ಕೇಳಿಸದಂತೆ ಒಮ್ಮೆ ಹೇಳಿ ನೋಡಿದೆ. ಮಹಮೂದ್. ನಾಲಗೆ ಸುಡಲಿಲ್ಲ. ಇನ್ನೊಮ್ಮೆ ಹೇಳಿದೆ, ಅದು ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು.

"ಏನಂದಿರಿ ಅಂಕಲ್?" ಎಂದ ಪೀಟರ್.

"ಏನಿಲ್ಲ," ಎಂದೆ. "ನನ್ನ ಮಗನ ಹೆಸರು."